ಊಟ ಆಯ್ತೇನೋ ಗುಂಡ

ಬಟವಾಡಿ, ಹೊರಡುವ ಬೆಳಿಗ್ಗೆ

ವಿದೇಶಕ್ಕೆ ಹೋಗಿ ಬಂದವರು ಅಲ್ಲಿಯ ಕೋಟೆ, ಮ್ಯೂಸಿಯಂ, ದೊಡ್ಡ ಗಡಿಯಾರ ಇವುಗಳ ಬಗ್ಗೆ ಹೇಳಬೇಕಂತೆ. ನಾನು ಒಂದು ಕೋಟೆಯನ್ನು ಬಸ್ಸಿನ ಕಿಟಕಿಯಿಂದ ನೋಡಿದೆ, ಅಷ್ಟೆ. ಮಿಕ್ಕಂತೆ ಅಲ್ಲಿ ನಾನು ನೋಡಿದ್ದೆಲ್ಲ ನಾಯಿಗಳನ್ನು. ಹಾಗಾಗಿ ನಮ್ಮ ಮನೆಯ ನಾಯಿಯಿಂದಲೇ ಶುರು ಮಾಡುತ್ತೇನೆ.

ಅವನ ಹೆಸರು ಗುಂಡ. ನನ್ನ ತವರು ಕುಣಿಗಲ್ ತಾಲ್ಲೂಕಿನ ಕೊತ್ತಗೆರೆ. ಅಲ್ಲಿ ಅಣ್ಣನ ತೋಟದಲ್ಲಿ ಹುಟ್ಟಿದ ಮರಿ. ಬ್ಲೌಸ್ ಪೀಸ್ ತುಂಬಿಕೊಂಡು ಓಡಾಡುವ ಬಟ್ಟೆಚೀಲದಲ್ಲಿ ಕೂರಿಸಿಕೊಂಡು ಬಸ್ಸಿನಲ್ಲಿ ತಂದಿದ್ದೆ. ಒಂದು ಕಿವಿ ನೆಟ್ಟಗೆ, ಇನ್ನೊಂದು ಜೋತುಬಿದ್ದಿದೆ. ಜಾತಿ ಕೇಳಿದವರಿಗೆ ನಮ್ಮೂರ ಕಡೆಯವನು ಎಂದು ಹೇಳುತ್ತೇನೆ.

ಬಟವಾಡಿಯಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಟೈಲರಿಂಗ್ ಅಂಗಡಿ. ಬ್ಲೌಸ್ ಕೊಡಲು ಬಂದವರನ್ನೆಲ್ಲ ಗುಂಡ ಬೊಗಳಿಯೇ ಒಳಗೆ ಬಿಡುತ್ತಿದ್ದ. ನನಗೆ ಅದು ಅಭ್ಯಾಸವಾಗಿತ್ತು. ಮಹಡಿ ಮೇಲೆ ಬಾಡಿಗೆಗಿರುವ ನರ್ಸ್ ಹುಡುಗಿಗೆ ಮಾತ್ರ ಆಗಲಿಲ್ಲ. ರಾತ್ರಿ ಡ್ಯೂಟಿ ಮುಗಿಸಿ ಬಂದು ಹಗಲು ಮಲಗುವವಳು, ಪಾಪ. ಅವಳು ಜಗಳ ಆಡಲಿಲ್ಲ, ನಿದ್ದೆಗೆಟ್ಟ ಕೆಂಪು ಕಣ್ಣಿನಲ್ಲಿ ಬಂದು ನಿಂತಳು. ಬೊಗಳೋದು ನಿಲ್ಲದಿದ್ದರೆ ಗುಂಡನನ್ನು ವಾಪಸ್ಸು ಕೊತ್ತಗೆರೆ ತೋಟಕ್ಕೆ ಬಿಟ್ಟುಬರೋಣ ಎಂದರು ನಮ್ಮ ಯಜಮಾನರು. ನಾನು ಬರುವವರೆಗೆ ಅವನನ್ನು ಎಲ್ಲಿಗೂ ಕಳಿಸಕೂಡದು ಎಂದು ಮಾತು ತೆಗೆದುಕೊಂಡೇ ಹೊರಟೆ.

ಹೊರಟಿದ್ದು ಯಾಕೆಂದರೆ, ಗುಬ್ಬಿಯಲ್ಲಿರುವ ನಮ್ಮಕ್ಕನ ಮಗಳು ಸೌಮ್ಯ ವೇಲ್ಸ್ ಎಂಬ ದೇಶದ ಒಂದು ಸಣ್ಣ ಊರಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾಳೆ. ಒದ್ದೆ ಮೆಟ್ಟಿಲ ಮೇಲೆ ಜಾರಿ ಕಾಲು ಮುರಿದುಕೊಂಡಿದ್ದಳು. ಅಕ್ಕನಿಗೆ ಬಿಪಿ, ವಿಮಾನ ಎಂದರೆ ಇನ್ನೂ ಏರುತ್ತದೆ. ಚಿಕ್ಕಮ್ಮ ನಾನೇ ಗತಿ.

ಹೊರಡುವಾಗ ಗುಂಡನ ತಟ್ಟೆಗೆ ಅನ್ನ ಹಾಕಿ, ದಿನಾ ಕೇಳುವ ಹಾಗೆ ಊಟ ಆಯ್ತೇನೋ ಎಂದು ಕೇಳಿದೆ. ಅವನು ದಿನಾ ಉತ್ತರ ಕೊಡುವ ಹಾಗೆ ಎರಡು ಸಲ ಬೊಗಳಿದ. ಆ ಮಾತನ್ನು ಕೇಳಿದರೆ ಎಲ್ಲಿದ್ದರೂ ಓಡಿ ಬರುತ್ತಿದ್ದ.

ಬಸ್ಸಿನ ಡ್ರೈವರ್ ಕೇಳಿದ ಪ್ರಶ್ನೆ

ಲಂಡನ್ ವಿಮಾನ ನಿಲ್ದಾಣದಲ್ಲಿ ನನ್ನ ಪೆಟ್ಟಿಗೆ ತೆಗೆಸಿದರು. ರಾಗಿಹಿಟ್ಟಿನ ಚೀಲ ಎತ್ತಿ ಹಿಡಿದು ಇದೇನು ಎಂದು ಒಬ್ಬರು ಕೇಳಿದರು. ಇಂಗ್ಲಿಷಿನಲ್ಲಿ ರಾಗಿಗೆ ಏನನ್ನುತ್ತಾರೋ ಆ ಗಳಿಗೆಯಲ್ಲಿ ನೆನಪಾಗಲಿಲ್ಲ. ಮುದ್ದೆ ತಿರುವುವುದು, ಮುರಿಯುವುದು, ಸಾರಿಗದ್ದಿ ನುಂಗುವುದು ಎಲ್ಲವನ್ನೂ ಕೈಯಲ್ಲೇ ಮಾಡಿ ತೋರಿಸಿದೆ. ಅಗಿಯದೆ ನುಂಗಿದ್ದನ್ನು ನೋಡಿ ಆತ ಗಾಬರಿಯಾದ. ಚೀಲ ಮಾತ್ರ ವಾಪಸ್ಸು ಕೊಟ್ಟ.

ಸೌಮ್ಯಳ ಊರು ಬೆಟ್ಟಗಳ ನಡುವೆ ಇದೆ. ಬೆಟ್ಟ ಎಂದರೆ ನಮ್ಮ ಕಡೆಯ ಹಾಗೆ ಬಂಡೆ ಮೇಲೆ ಬಂಡೆ ಅಲ್ಲ. ಹಸಿರು ಬೆಡ್‌ಶೀಟು ಹೊದ್ದು ಮಲಗಿದ ಹಾಗಿವೆ, ಮೇಲೆಲ್ಲ ಕುರಿಗಳು. ಬೋರ್ಡುಗಳಲ್ಲಿ ಮೊದಲು ಅವರ ಭಾಷೆ, ಕೆಳಗೆ ಇಂಗ್ಲಿಷು. ಅದು ನನಗೆ ತುಂಬಾ ಹಿಡಿಸಿತು.

ಅಲ್ಲಿ ಜನ ಎದುರಾದರೆ ಚೆನ್ನಾಗಿದ್ದೀಯಾ ಎಂದು ಕೇಳುತ್ತಾರೆ, ಉತ್ತರಕ್ಕೆ ಕಾಯುವುದಿಲ್ಲ. ನನಗೇನು ಗೊತ್ತು? ಬಸ್ಸಿನ ಡ್ರೈವರ್ ಕೇಳಿದ, ನಾನು ಮಂಡಿನೋವಿನಿಂದ ಹಿಡಿದು ಎಲ್ಲ ಹೇಳಿದೆ. ಹಿಂದೆ ಸಾಲು ನಿಂತಿತ್ತು. ಆತ ಪೂರ್ತಿ ಕೇಳಿಸಿಕೊಂಡು, ಇಳಿದು ಬಂದು, ಕೈಹಿಡಿದು ಸೀಟಿಗೆ ಕೂರಿಸಿದ. ಇಳಿಯುವಾಗ ಪ್ರತಿಯೊಬ್ಬರೂ ಆತನಿಗೆ ಥ್ಯಾಂಕ್ಸ್ ಹೇಳುತ್ತಾರೆ. ನಮ್ಮ ಬಟವಾಡಿ ಸಿಟಿಬಸ್ಸಿನಲ್ಲಿ ಥ್ಯಾಂಕ್ಸ್ ಅಂದರೆ ಚಿಲ್ಲರೆ ಕೊಡದೆ ಇಳಿಯುತ್ತಿದ್ದಾಳೆ ಅಂದುಕೊಂಡಾರು.

ಊಟ ಆಯ್ತಾ ಎಂದು ಮಾತ್ರ ಯಾರೂ ಕೇಳಲಿಲ್ಲ. ಹೊಟ್ಟೆ ತುಂಬಿದ್ದರೂ ನನಗೆ ಒಂದು ಥರಾ ಹಸಿವಾದಂತೆ ಇರುತ್ತಿತ್ತು. ಅದನ್ನು ತೀರಿಸಿಕೊಳ್ಳಲೋ ಏನೋ, ದಿನಾ ಮನೆಗೆ ವಿಡಿಯೋ ಕಾಲ್ ಮಾಡುತ್ತಿದ್ದೆ. ಅಲ್ಲಿ ಮಧ್ಯಾಹ್ನದ ಟೀ ಹೊತ್ತು, ಇಲ್ಲಿ ರಾತ್ರಿ ಊಟದ ಹೊತ್ತು. ನಮ್ಮವರು ಫೋನನ್ನು ನೀರಿನ ಚೊಂಬಿಗೆ ಒರಗಿಸಿ, ಸ್ಪೀಕರ್ ಜೋರು ಮಾಡಿ ಇಡುತ್ತಿದ್ದರು. ಅವರನ್ನು ಕೇಳುವುದಕ್ಕಿಂತ ಮೊದಲು ನಾನು ಕೂಗುತ್ತಿದ್ದದ್ದು, ಊಟ ಆಯ್ತೇನೋ ಗುಂಡ ಎಂದೇ. ಎಲ್ಲಿಂದಲೋ ಓಡಿ ಬಂದು ಫೋನಿಗೆ ಮೂಗು ಒತ್ತಿ ಬೊಗಳುತ್ತಿದ್ದ. ಪರದೆ ತುಂಬಾ ಅವನ ಮೂಗು.

ಚಾಪೆಲ್ ಪಕ್ಕದ ಹಾಲ್

ಪಕ್ಕದ ಮನೆಯ ಮೇಗನ್ ಪರಿಚಯವಾದದ್ದು ನನ್ನ ಪೆದ್ದುತನದಿಂದ. ಆಕೆ ತನ್ನ ಬಿಳಿ ನಾಯಿಯ ಜೊತೆ ಎದುರಾದರು, ಕೈಯಲ್ಲಿ ಗಂಟು ಕಟ್ಟಿದ ಸಣ್ಣ ಹಸಿರು ಕವರ್. ನನ್ನನ್ನು ನೋಡಿ ನಗುತ್ತಾ ಕೈ ಎತ್ತಿದರು. ಹೊಸಬಳೆಂದು ಏನೋ ಕೊಡುತ್ತಿದ್ದಾರೆ ಅಂದುಕೊಂಡು ನಾನು ಪ್ರಸಾದಕ್ಕೆ ಒಡ್ಡುವ ಹಾಗೆ ಎರಡೂ ಕೈ ಒಡ್ಡಿದೆ. ಆಕೆ ಒಂದು ಕ್ಷಣ ನನ್ನ ಕೈ ನೋಡಿದರು, ಕವರ್ ನೋಡಿದರು, ರಸ್ತೆಯಲ್ಲೇ ಬಗ್ಗಿಕೊಂಡು ನಕ್ಕರು. ಅದರೊಳಗೆ ಇದ್ದದ್ದು ಆಗ ತಾನೇ ನಾಯಿ ಮಾಡಿದ್ದು. ಅಲ್ಲಿ ಅದನ್ನು ಸಾಕಿದವರೇ ಎತ್ತಿಕೊಂಡು ಹೋಗಬೇಕು. ಮನೆಗೆ ಬಂದು ಹೇಳಿದಾಗ ಸೌಮ್ಯ ಕಾಲಿನ ಪ್ಲಾಸ್ಟರ್ ಮರೆತು ನಕ್ಕಳು.

ಮೇಗನ್ ಶನಿವಾರಗಳಂದು ಚಾಪೆಲ್ ಎಂಬ ಸಣ್ಣ ಚರ್ಚಿನ ಪಕ್ಕದ ಹಾಲಿನಲ್ಲಿ ನಾಯಿಗಳಿಗೆ ಪಾಠ ಹೇಳುತ್ತಾರೆ. ಬಾ ನೋಡುವೆಯಂತೆ ಎಂದರು. ನನ್ನ ಇಂಗ್ಲಿಷು ಅಳತೆ ತೆಗೆದುಕೊಳ್ಳುವಷ್ಟು ಮಾತ್ರ. ಆದರೂ ಹೋದೆ. ನಾಯಿಪಾಠ ಅಂದರೆ ಬೆತ್ತ, ಚೈನು, ಗದರಿಕೆ ಇರುತ್ತದೆ ಎಂದುಕೊಂಡಿದ್ದೆ. ಹಾಲಿನಲ್ಲಿ ಗೋಡೆಗುಂಟ ಕುರ್ಚಿಗಳು, ಕುರ್ಚಿಗೊಬ್ಬ ಮನುಷ್ಯ, ಕಾಲ ಬಳಿ ಒಂದೊಂದು ನಾಯಿ. ಯಾರ ದನಿಯೂ ಎತ್ತರಕ್ಕೆ ಏರುವುದಿಲ್ಲ. ನಾಯಿ ತಪ್ಪು ಮಾಡಿದರೆ ಯಾರೂ ನೋಡಲೇ ಇಲ್ಲ ಎಂಬಂತೆ ಇರುತ್ತಾರೆ. ಸರಿ ಮಾಡಿತೋ, ನಾಲಿಗೆಯಲ್ಲಿ ಟಕ್ ಅನ್ನಿಸಿ ತಕ್ಷಣ ಬಾಯಿಗೆ ತಿಂಡಿ. ನಮ್ಮ ಮೇಷ್ಟ್ರುಗಳು ತಪ್ಪಾದಾಗ ಮಾತ್ರ ನಮ್ಮ ಹೆಸರು ಕರೆಯುತ್ತಿದ್ದರು. ಇಲ್ಲಿ ಪೂರಾ ತಿರುಗುಮುರುಗು.

ಮೇಗನ್ ನನ್ನ ಸೊಂಟಕ್ಕೂ ಒಂದು ಚೀಲ ಕಟ್ಟಿದರು. ಕೈಹಾಕಿದೆ, ಮೆತ್ತಗೆ ತಣ್ಣಗೆ ಏನೋ ಸಿಕ್ಕಿತು. ಬೇಯಿಸಿದ ಕೋಳಿ. ಶಿವಶಿವಾ ಎಂದು ಕೈ ಕೊಡವಿದೆ, ಚೂರುಗಳೆಲ್ಲ ನೆಲಕ್ಕೆ ಚೆಲ್ಲಿದವು. ಪಾಠ ಕಲಿತ ನಾಯಿಗಳೆಲ್ಲ ಪಾಠ ಮರೆತು ನನ್ನ ಸೀರೆಯ ಸುತ್ತ ಬಂದವು. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಕೋಳಿ, ಸುತ್ತ ನಾಯಿಗಳು. ಮುಂದಿನ ವಾರದಿಂದ ನನಗೆ ಚೀಸ್ ಕೊಟ್ಟರು.

ಆ ಹಾಲಿನಲ್ಲಿ ಒಂದು ಹೆದರುಪುಕ್ಕ ನಾಯಿ ಇತ್ತು, ಕುರ್ಚಿಯ ಹಿಂದಿನಿಂದ ಈಚೆಗೆ ಬರುತ್ತಿರಲಿಲ್ಲ. ಮೇಗನ್ ಅದನ್ನು ಕರೆಯಲೂ ಇಲ್ಲ, ಮುಟ್ಟಲೂ ಇಲ್ಲ. ಅದಕ್ಕೆ ಬೆನ್ನು ಹಾಕಿ ನೆಲದ ಮೇಲೆ ಕೂತು, ಹಿಂದಕ್ಕೆ ಒಂದೊಂದೇ ಚೂರು ಬಿಡುತ್ತಿದ್ದರು. ಕೊನೆಗೆ ಅದು ಬಂದು ಆಕೆಯ ಬೆನ್ನಿಗೆ ಒರಗಿ ನಿಂತಿತು. ಬೊಗಳುವ ನಾಯಿಗೂ ಆಕೆಯ ಬಳಿ ದಾರಿ ಇತ್ತು. ಬಾಗಿಲು ಬಡಿದ ಕೂಡಲೇ ಚಾಪೆಯ ಮೇಲೆ ತಿಂಡಿ ಚೆಲ್ಲು, ಬಾಗಿಲ ಸದ್ದು ಅಂದರೆ ತಿಂಡಿ ಬಂತು ಎಂದು ಅದಕ್ಕೆ ಅನ್ನಿಸಲಿ, ಬೊಗಳಲು ಬಾಯಿಗೆ ಪುರುಸೊತ್ತು ಇರುವುದಿಲ್ಲ.

ಅರೆ, ಇದು ನಮ್ಮ ಗುಂಡನಿಗೇ ಹೇಳಿ ಮಾಡಿಸಿದ್ದು ಅನ್ನಿಸಿತು. ಅವನಿಗೆ ಕಾಯಿಚೂರು ಅಂದರೆ ಪ್ರಾಣ. ಅವತ್ತೇ ಫೋನಿನಲ್ಲಿ ಹೇಳಿದೆ. ನಮ್ಮವರು ಪೂರ್ತಿ ಕೇಳಲೇ ಇಲ್ಲ.

"ಈಗೇನೂ ಬೇಡ ಬುಡು. ಅವ್ನು ಬೊಗಳೋದೇ ನಿಲ್ಸವ್ನೆ."

ಹೌದಲ್ಲ ಎಂದು ನನಗೂ ಹೊಳೆಯಿತು. ಒಂದು ವಾರದಿಂದ ಗುಂಡ ಫೋನಿಗೆ ಬೊಗಳುತ್ತಿರಲಿಲ್ಲ. ಕರೆದರೂ ಬರುತ್ತಿರಲಿಲ್ಲ. ಬಿಟ್ಟು ಹೋದೆನೆಂದು ನನ್ನ ಮೇಲೆ ಮುನಿಸಿಕೊಂಡಿದ್ದಾನೆ ಎಂದು ಸೌಮ್ಯಳಿಗೆ ಹೇಳಿಕೊಂಡು ಬೀಗಿದ್ದೆ. ಕರೆಯುವುದನ್ನಂತೂ ಬಿಡಲಿಲ್ಲ. ಇನ್ನೂ ಜೋರಾಗಿ, ಇನ್ನೂ ಮುದ್ದಾಗಿ ಕರೆದೆ.

ಹ್ಯೂ ಅವರ ಗೇಟು

ಒಂದು ದಿನ ಮೇಗನ್ ನನ್ನನ್ನು ಹ್ಯೂ ಎಂಬ ಕುರಿಸಾಕಣೆಯವರ ಮನೆಗೆ ಕರೆದುಕೊಂಡು ಹೋದರು. ನಮ್ಮ ಕುಣಿಗಲ್ ಕಡೆಯ ಗೌಡರ ಹಾಗೆಯೇ, ಗಮ್‌ಬೂಟು ಹಾಕಿದ್ದರು ಅಷ್ಟೆ. ಕೂತ ಕೂಡಲೇ ಮಳೆ ಬೆಳೆ ಮಾತು. ನಾನು ಗುಂಡ ಬೊಗಳುವುದು ಬಿಟ್ಟ ಸಂತೋಷವನ್ನು ಹೇಳಿದೆ. ಅವರು ತಮ್ಮ ಹಳೆಯ ನಾಯಿಯೊಂದರ ಕಥೆ ಹೇಳಿದರು. ಪೋಸ್ಟಿನ ವ್ಯಾನ್ ಅಟ್ಟಿಸಿಕೊಂಡು ಹೋಗುತ್ತಿತ್ತಂತೆ. ಆಗ ಕತ್ತಿಗೆ ಕರೆಂಟು ಹೊಡೆಯುವ ಬೆಲ್ಟು ಸಿಗುತ್ತಿತ್ತು, ಈಗ ಅವರ ದೇಶದಲ್ಲಿ ಅದು ಕಾನೂನಿಗೆ ವಿರುದ್ಧ. ಇವರೂ ತಂದು ಕಟ್ಟಿದರು. ವ್ಯಾನ್ ಬಂತು, ನಾಯಿ ಓಡಿತು, ಇವರು ಬಟನ್ ಒತ್ತಿದರು. ಸರಿಯಾಗಿ ಅದೇ ಗಳಿಗೆಗೆ ಇವರ ಹೆಂಡತಿ ಬಕೆಟ್ ಹಿಡಿದು ಗೇಟು ತೆಗೆದು ಬಂದರು.

ನಾಯಿ ವ್ಯಾನ್ ಅಟ್ಟಿಸುವುದನ್ನು ಬಿಟ್ಟಿತೋ ಇಲ್ಲವೋ ನನಗೆ ನೆನಪಿಲ್ಲ. ಅದು ಸಾಯುವ ತನಕ ಆ ಹೆಣ್ಣುಮಗಳ ಹತ್ತಿರ ಹೋಗಲಿಲ್ಲ ಎಂದದ್ದು ನೆನಪಿದೆ. ಹಾಲು ಕುಡಿಸಿ ಬೆಳೆಸಿದ್ದು ಆಕೆಯೇ. ನಾಯಿಗೆ ನೀನು ಯಾವ ತಪ್ಪಿಗೆ ಹೊಡೆದೆ ಅಂತ ತಿಳಿಯುವುದಿಲ್ಲ, ಆಗ ಅದರ ಎದುರಿಗೆ ಯಾರಿದ್ದರೋ ಅವರೇ ಹೊಡೆದರು ಅಂದುಕೊಳ್ಳುತ್ತದೆ ಎಂದರು ಹ್ಯೂ. ಅಯ್ಯೋ ಪಾಪ ಎಂದೆ. ಬೇರೆ ಯಾರದೋ ಮನೆಯ ಕಥೆ ಕೇಳಿದ ಹಾಗೆ ಕೇಳಿ, ಅವರು ಕೊಟ್ಟ ಬಿಸ್ಕೆಟ್ ತಿಂದು ಬಂದೆ.

ಮೇಗನ್ ಕೇಳಿದ್ದು

ಮರುದಿನವೇ ನಮ್ಮವರು ಗುಂಡನ ಫೋಟೋ ಕಳಿಸಿದರು. ಅಂಗಡಿಯ ಬಾಗಿಲಲ್ಲಿ ಕೂತಿದ್ದಾನೆ, ಬಾಯಿ ಮುಚ್ಚಿಕೊಂಡು. ಪಕ್ಕದ ಮನೆಯ ಅಡುಗೆಮನೆಗೇ ಹೋಗಿ, ಜಾಣ ಆಗಿದ್ದಾನೆ ನೋಡಿ ಎಂದು ಮೇಗನ್ ಕೈಗೆ ಫೋನ್ ಕೊಟ್ಟೆ. ಆಕೆ ನಗುತ್ತಲೇ ತೆಗೆದುಕೊಂಡರು. ಆಮೇಲೆ ಎರಡು ಬೆರಳಿನಲ್ಲಿ ಫೋಟೋ ದೊಡ್ಡದು ಮಾಡಿದರು. ಕತ್ತಿನ ಹತ್ತಿರ ಇರುವ ಈ ಕಪ್ಪು ಡಬ್ಬಿ ಏನು ಎಂದು ಕೇಳಿದರು. ಹೊಸ ಬೆಲ್ಟು ಇರಬೇಕು, ಗಂಟೆ ಕಟ್ಟಿರಬೇಕು ಎಂದೆ.

ಆಕೆ ಫೋನ್ ವಾಪಸ್ಸು ಕೊಟ್ಟರು. ನನ್ನ ಮುಖವನ್ನೂ ನೋಡಲಿಲ್ಲ. ಕೆಟಲ್ ಹತ್ತಿರ ಹೋಗಿ ಬೆನ್ನು ಹಾಕಿ ನಿಂತುಕೊಂಡರು. ಆಗ ನನಗೆ ಹ್ಯೂ ಅವರ ಗೇಟು ಕಣ್ಣಮುಂದೆ ಬಂತು.

ಅಲ್ಲಿಂದಲೇ ಫೋನ್ ಮಾಡಿದೆ. ನಮ್ಮವರು ಮುಚ್ಚಿಡಲಿಲ್ಲ. ಮುಚ್ಚಿಡುವಂಥದ್ದು ಅಂತ ಅವರಿಗೆ ಅನ್ನಿಸಿಯೇ ಇರಲಿಲ್ಲ. ಕುಣಿಗಲ್‌ನ ಸ್ನೇಹಿತರೊಬ್ಬರು ತೋಟದ ನಾಯಿಗೆ ಕಟ್ಟುತ್ತಿದ್ದ ಬೆಲ್ಟಂತೆ. ಬಟನ್ ಕೂಡ ಬೇಡ, ಬೊಗಳಿದರೆ ತಾನಾಗೇ ಹೊಡೆಯುತ್ತದಂತೆ. ನೀನು ಬಂದು ಅಂಗಡಿ ತೆಗೆಯುವ ಹೊತ್ತಿಗೆ ಬೊಗಳೋದು ಬಿಟ್ಟಿರಲಿ, ಮಹಡಿಯ ಹುಡುಗಿಗೆ ನಿದ್ದೆ ಆಗಲಿ, ಗುಂಡನೂ ಮನೆಯಲ್ಲೇ ಉಳಿಯಲಿ, ನಿನಗೂ ಖುಷಿಯಾಗಲಿ ಅಂತ ಕಟ್ಟಿದ್ದೆ ಎಂದರು. ನನಗೆ ಕೊಟ್ಟ ಮಾತು ಉಳಿಸಿಕೊಳ್ಳಲು ಅವರು ಕಂಡುಕೊಂಡ ದಾರಿ ಅದು. ನಮ್ಮವರು ಲೈನ್‌ಮನ್ ಆಗಿ ರಿಟೈರ್ ಆದವರು. ಆಯಸ್ಸೆಲ್ಲ ಕಂಬ ಹತ್ತಿ ಇಳಿದವರಿಗೆ ಕರೆಂಟು ಅಂದರೆ ಪಕ್ಕದ ಮನೆಯವರಿದ್ದ ಹಾಗೆ.

"ನಾನೇ ಅಂಗೈಗೆ ಇಟ್ಕೊಂಡು ನೋಡಿದೀನಿ ಕಣೇ. ಚುರ್ ಅಂತದೆ ಅಷ್ಟೆ."

ಅವನು ದಿನದಲ್ಲಿ ಯಾವಾಗ ಜಾಸ್ತಿ ಬೊಗಳುತ್ತಿದ್ದ ಎಂದು ಕೇಳಿದೆ. ಅವರು ಲೆಕ್ಕ ಹಾಕುತ್ತಾ ಹೇಳಿದರು. ಅಂಗಡಿ ಮುಚ್ಚಿತ್ತು, ಗಿರಾಕಿಗಳು ಬರುತ್ತಿರಲಿಲ್ಲ. ಅವನು ಬೊಗಳುತ್ತಿದ್ದದ್ದು ಒಂದೇ ಹೊತ್ತಿಗೆ, ನನ್ನ ಫೋನ್ ಬಂದಾಗ. ನಾನು ಊಟ ಆಯ್ತೇನೋ ಅಂದೆ, ಅವನು ಓಡಿ ಬಂದು ಬೊಗಳಿದ, ಹೊಡೆಯಿತು. ಮರುದಿನ ಮತ್ತೆ ಅಂದೆ, ಮತ್ತೆ ಹೊಡೆಯಿತು. ಅವನು ಬೊಗಳುವುದನ್ನು ಬಿಡುವ ತನಕ ನಾನೇ ಸಮುದ್ರದಾಚೆಯಿಂದ ತಪ್ಪದೆ ಕರೆದು ಕರೆದು ಹೊಡೆಸಿದ್ದೆ.

ಗುಂಡ ಎಲ್ಲಿ ಎಂದೆ. ಬಚ್ಚಲಮನೆ ಬಾಗಿಲ ಹಿಂದೆ ಮಲಗಿದ್ದಾನೆ ಎಂದರು. ಫೋನ್ ರಿಂಗ್ ಆದ ಕೂಡಲೇ ಅಲ್ಲಿಗೆ ಹೋಗುತ್ತಾನಂತೆ. ನಮ್ಮವರು ಫೋನ್ ಇಟ್ಟು ಎದ್ದು ಹೋಗಿ ಬೆಲ್ಟು ಬಿಚ್ಚಿದ್ದು ಪರದೆಯಲ್ಲಿ ಕಾಣಲಿಲ್ಲ, ಬಕಲ್ ಸದ್ದು ಮಾತ್ರ ಕೇಳಿಸಿತು. ನಾನು ಮೇಗನ್ ಅವರ ಅಡುಗೆಮನೆಯಲ್ಲಿ ಕೂತು ಅತ್ತೆ. ಆಕೆ ನನ್ನ ಬೆನ್ನಿಗೆ ಬೆನ್ನು ತಾಗಿಸಿ ಪಕ್ಕದ ಸ್ಟೂಲಿನಲ್ಲಿ ಕೂತರು. ಹೆದರಿದ ನಾಯಿಗೆ ಮಾಡಿದ್ದನ್ನೇ ನನಗೂ ಮಾಡಿದರು.

ಆಮೇಲೆ ನಾನು ವೇಲ್ಸಿನಲ್ಲಿ ಏನೇನು ನೋಡಿದೆನೋ ನೆನಪಿಲ್ಲ. ಸೌಮ್ಯ ಎದ್ದು ಓಡಾಡಿದಳು, ನಾನು ಹೊರಟೆ. ಅಲ್ಲಿಯವರೆಗೆ ಮನೆಗೆ ಮೆಸೇಜ್ ಮಾತ್ರ ಕಳಿಸುತ್ತಿದ್ದೆ.

ಕ್ಯಾತ್ಸಂದ್ರ ದಾಟಿದ ಮೇಲೆ

ಯಾವಾಗ ಊರಿಗೆ ಬಂದರೂ ಕ್ಯಾತ್ಸಂದ್ರದಲ್ಲಿ ಕಾರು ನಿಲ್ಲಿಸಿ ತಟ್ಟೆಇಡ್ಲಿ ತಿನ್ನುವುದು ನಮ್ಮ ಪದ್ಧತಿ. ಅವತ್ತು ಕರೆದುಕೊಂಡು ಹೋಗಲು ಬಂದಿದ್ದ ನಮ್ಮವರಿಗೆ ಬೇಡವೆಂದೆ. ಮನೆ ಹತ್ತಿರವಾದಂತೆ ಮತ್ತೆ ಮತ್ತೆ ಸೆರಗು ಸರಿಮಾಡಿಕೊಂಡೆ, ಒಂದು ನಾಯಿಗೆ ಮುಖ ತೋರಿಸಲು.

ಗೇಟು ತೆಗೆದೆ. ಗುಂಡ ಬಾಗಿಲಲ್ಲೇ ಇದ್ದ. ನನ್ನ ವಾಸನೆ ಸಿಕ್ಕಿತೋ ಏನೋ, ಇಡೀ ಮೈ ಬಾಲವಾಯಿತು. ಓಡಿ ಬಂದು ಕಾಲಿಗೆ ಸುತ್ತಿಕೊಂಡ. ಎಲ್ಲ ಮರೆತಿದ್ದಾನೆ ಎಂದು ನನಗೆ ಉಕ್ಕಿ ಬಂತು. ಆ ಮಾತನ್ನು ಅವನ ಮುಂದೆ ಆಡಲೇಬೇಡ ಎಂದು ಮೇಗನ್ ಹೇಳಿಕೊಟ್ಟದ್ದೆಲ್ಲ ಆ ಖುಷಿಯಲ್ಲಿ ಹಾರಿಹೋಯಿತು. ವರ್ಷಗಳ ಅಭ್ಯಾಸ, ಬಾಯಿ ತಾನಾಗೇ ತೆರೆಯಿತು.

"ಊಟ ಆಯ್ತೇನೋ ಗುಂಡ?"

ಅವನು ಅಲ್ಲೇ ಕುಸಿದ. ಹೊಟ್ಟೆಯನ್ನು ನೆಲಕ್ಕೆ ಉಜ್ಜುತ್ತಾ ಹಿಂದೆ ಸರಿದು, ಹೊಲಿಗೆ ಮಿಷನ್ ಕೆಳಗೆ ಹೋಗಿ ಗೋಡೆಗೆ ಮುಖ ಹಾಕಿಕೊಂಡ. ಅವನು ಕೂತಲ್ಲೆಲ್ಲ ಒದ್ದೆಯಾಗಿತ್ತು.

ನಮ್ಮವರು ನನ್ನ ಪೆಟ್ಟಿಗೆ ಹಿಡಿದುಕೊಂಡು ಹಿಂದೆ ನಿಂತಿದ್ದರು. ನೋಡಿದರು. ಬೈಯೋಣವೆಂದು ದಾರಿಯುದ್ದಕ್ಕೂ ಮಾತು ಕೂಡಿಸಿಟ್ಟುಕೊಂಡಿದ್ದೆ. ಅವರ ಮುಖ ನೋಡಿ ಆಗಲಿಲ್ಲ. ಅವರು ತಮ್ಮ ಅಂಗೈಯನ್ನೇ ತಿರುಗಿಸಿ ನೋಡಿಕೊಂಡರು.

"ನನ್ ಕೈಗೆ ಕರೆಂಟು ಬರ್ತದೆ ಅಂತ ನಂಗೆ ಗೊತ್ತಿತ್ತು. ಅವ್ನಿಗೆ ಗೊತ್ತಿರ್ಲಿಲ್ಲ."

ಬಟವಾಡಿ, ಈಗ

ಆಮೇಲೆ ನಾನು ಮಾತು ಬಿಟ್ಟೆ. ನನ್ನನ್ನು ಬಲ್ಲವರಿಗೆ ಇದು ಎಂಥ ವ್ರತ ಅಂತ ಗೊತ್ತಾಗುತ್ತದೆ. ಗಿರಾಕಿಗಳ ಜೊತೆ ಸನ್ನೆಯಲ್ಲಿ ಅಳತೆ ಮಾತಾಡಿದೆ, ಗಂಟಲು ಹೋಗಿದೆ ಎಂದುಕೊಂಡು ಕಷಾಯ ತಂದುಕೊಟ್ಟವರೂ ಇದ್ದಾರೆ. ಮಧ್ಯಾಹ್ನ ನೆಲದ ಮೇಲೆ ಗುಂಡನಿಗೆ ಬೆನ್ನು ಹಾಕಿ ಕೂತು, ಹಿಂದಕ್ಕೆ ಒಂದೊಂದೇ ಕಾಯಿಚೂರು ಬಿಡುತ್ತಿದ್ದೆ. ನನ್ನ ಮಂಡಿಗೆ ಆಗದೆ ಹೋದಾಗ ನಮ್ಮವರು ಕೂರುತ್ತಿದ್ದರು. ಕಂಬದ ತುದಿಯಲ್ಲಿ ಹೆದರದ ಮನುಷ್ಯ, ನಾಯಿ ಹತ್ತಿರ ಬಂದರೆ ಉಸಿರು ಬಿಗಿಹಿಡಿಯುತ್ತಿದ್ದರು.

ನಿಧಾನಕ್ಕೆ ಬಂದ. ಮೊದಲು ಪಿಸುಮಾತಿಗೆ ಒಗ್ಗಿದ, ಆಮೇಲೆ ಮಾಮೂಲಿ ಮಾತಿಗೆ. ಪ್ರತಿ ಮಾತಿನ ಜೊತೆಗೂ ಕಾಯಿ. ಗಿರಾಕಿ ಬಂದರೆ ಚಾಪೆ ಮೇಲೆ ಕಾಯಿ. ಆದರೆ ಬೊಗಳುವುದು ಮಾತ್ರ ವಾಪಸ್ಸು ಬರಲಿಲ್ಲ. ಮಹಡಿಯ ಹುಡುಗಿಯೇ ಇಳಿದು ಬಂದು, ಆಂಟಿ, ಅವನಿಗೆ ಹುಷಾರಿಲ್ವಾ ಎಂದು ಕೇಳಿದಳು. ಇನ್ನು ಆ ಒಂದು ಮಾತು, ಅದನ್ನು ಎಷ್ಟು ಕಾಯಿ ಹಾಕಿದರೂ ಅವನ ಕಿವಿಯಿಂದ ತೆಗೆಯಲಾಗಲಿಲ್ಲ. ಟಿವಿಯಲ್ಲಿ ಯಾರೋ ಯಾರನ್ನೋ ಕೇಳಿದರೂ ಮಿಷನ್ ಕೆಳಗೆ ಹೋಗುತ್ತಾನೆ. ಹಾಗಾಗಿ ನಮ್ಮ ಮನೆಯಲ್ಲಿ ಈಗ ಯಾರೂ ಯಾರನ್ನೂ ಊಟ ಆಯ್ತಾ ಎಂದು ಕೇಳುವುದಿಲ್ಲ.

ಮೊನ್ನೆ ಗುಬ್ಬಿಯಿಂದ ನಮ್ಮ ಭಾವನವರು, ಯಜಮಾನರ ಅಣ್ಣ, ಮಧ್ಯಾಹ್ನದ ಬಿಸಿಲಲ್ಲಿ ಬಂದರು. ಗೇಟು ಕಿರ್ ಅಂದದ್ದೇ ತಡ, ಗುಂಡ ಎದ್ದು ನಿಂತು ಒಂದು ಸಲ ಬೊಗಳಿದ. ಒಂದೇ ಸಲ. ಬೊಗಳಿ, ಹೊಡೆತ ಬೀಳುತ್ತದೇನೋ ಎಂದು ಕತ್ತು ಒಳಗೆಳೆದುಕೊಂಡು ನಿಂತ. ಏನೂ ಆಗಲಿಲ್ಲ. ನಮ್ಮವರು ಮುಷ್ಟಿಗಟ್ಟಲೆ ಕಾಯಿ ತಂದು ಸುರಿದರು. ನಾನು ಕಣ್ಣೊರೆಸಿಕೊಂಡೆ. ಭಾವನವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಮನೆಗೆ ಬಂದ ಹಿರಿಯರಿಗೆ ನಾಯಿ ಬೊಗಳಿದೆ, ಅದಕ್ಕೆ ಇವರು ಬಹುಮಾನ ಕೊಡುತ್ತಿದ್ದಾರೆ.

ಅವರಿಗೆ ನೀರು ಕೊಟ್ಟೆವು, ಮಜ್ಜಿಗೆ ಕೊಟ್ಟೆವು. ಕೇಳಬೇಕಾದ ಮಾತು ಬಾಯಿಗೆ ಬಂದು ಬಂದು ನಿಲ್ಲುತ್ತಿತ್ತು. ಬನ್ನಿ, ಎಲೆ ಹಾಕುತ್ತೇನೆ ಎಂದಾದರೂ ಅನ್ನಬಹುದಿತ್ತು. ಆ ಖುಷಿಯಲ್ಲಿ ಅದೂ ಹೊಳೆಯಲಿಲ್ಲ. ಅವರು ಸ್ವಲ್ಪ ಹೊತ್ತು ಕಾದರು. ಆಮೇಲೆ ಟವೆಲ್ ಹೆಗಲಿಗೆ ಹಾಕಿಕೊಂಡು ಎದ್ದರು. ಫಾರಿನ್ನಿಗೆ ಹೋಗಿ ಬಂದ ಮೇಲೆ ನೀವು ದೊಡ್ಡವರಾಗಿಬಿಟ್ಟಿರಿ, ಹೊತ್ತಿಗೆ ಬಂದವರನ್ನು ಒಂದು ಮಾತು ಕೇಳುವ ಮರ್ಯಾದೆಯೂ ಹೋಯಿತು ಎಂದು ನೇರವಾಗೇ ಹೇಳಿ ಹೊರಟರು.

ನಮ್ಮವರು ಹಿಂದೆಯೇ ಹೋದರು. ಗೇಟಿನಾಚೆ, ಆಟೋಗಳ ಸದ್ದಿನ ನಡುವೆ ಅಣ್ಣನನ್ನು ನಿಲ್ಲಿಸಿ, ಭುಜದ ಮೇಲೆ ಕೈ ಹಾಕಿ, ಒಂದು ಸಲ ಮನೆ ಕಡೆ ತಿರುಗಿ ನೋಡಿ, ಕಿವಿಯ ಹತ್ತಿರ ಬಗ್ಗಿ ಕೇಳಿದರು.

"ಊಟ ಆಯ್ತಾ ಅಣ್ಣ?"

"ಅದನ್ಯಾಕ್ಲಾ ಕದ್ದುಮುಚ್ಚಿ ಕೇಳ್ತೀಯ?"

ನಮ್ಮವರು ಅಲ್ಲೇ ರಸ್ತೆ ಬದಿಯಲ್ಲಿ ನಿಂತು ಎಲ್ಲವನ್ನೂ ಹೇಳಿದರು. ಭಾವನವರು ವಾಪಸ್ಸು ಬಂದರು. ಚಪ್ಪಲಿಯನ್ನು ಸದ್ದಾಗದಂತೆ ಬಿಟ್ಟು, ನಾನು ಹಾಕಿದ ಎಲೆಯ ಮುಂದೆ ಕೂತರು. ತಾವು ಉಣ್ಣುವ ಮೊದಲು ಒಂದು ತುತ್ತು ಮುದ್ದೆ ಮುರಿದು, ತಿರುಗಿ ನೋಡದೆ, ಬೆನ್ನ ಹಿಂದಕ್ಕೆ ನೆಲದ ಮೇಲೆ ಇಟ್ಟರು. ಸ್ವಲ್ಪ ಹೊತ್ತಿನ ಮೇಲೆ ಗುಂಡ ಬಂದು ಅದನ್ನು ತಿಂದ.

ಅವನು ಉಂಡನೋ ಇಲ್ಲವೋ ಎಂದು ನಾನು ಈಗ ಕೇಳುವುದಿಲ್ಲ. ಎಲ್ಲರೂ ಎದ್ದ ಮೇಲೆ ಹೋಗಿ ಅವನ ತಟ್ಟೆಯನ್ನು ನೋಡುತ್ತೇನೆ.